ಜಾಬ್ ಕಾರ್ಡಿನಲ್ಲಿ ಇಲ್ಲದ ಸದ್ದು

ಪಾವಗಡ ತಾಲ್ಲೂಕಿನ ವಳ್ಳೂರಿನಲ್ಲಿ ಒಂದು ಮನೆಯಿದೆ ಎಂದಿಟ್ಟುಕೊಳ್ಳಿ, ಗಣಿತದ ಮೇಷ್ಟ್ರು 'ಒಂದು ತ್ರಿಕೋನ ಇದೆ ಎಂದಿಟ್ಟುಕೊಳ್ಳಿ' ಎನ್ನುವ ಹಾಗೆ. ಮನೆಯಲ್ಲಿ ಅಪ್ಪ, ಅಮ್ಮ, ಮದುವೆ ವಯಸ್ಸಿಗೆ ಬಂದ ಒಬ್ಬ ಮಗ. ಎಂಟು ಎಕರೆ ಕೆಂಪು ನೆಲ. ಮಳೆ ಬಂದ ವರ್ಷ ಕಡಲೆಕಾಯಿ, ಬಾರದ ವರ್ಷ ಬೆಂಗಳೂರಿನ ಕಡೆಗೆ ಕೂಲಿ.

ಮನೆ ಕಲ್ಪನೆಯದು. ಅದರ ಸುತ್ತಲಿನ ಸಂಗತಿಗಳು ಕಲ್ಪನೆಯವಲ್ಲ. ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯ ಮೇಲೆ ಸೌರ ವಿದ್ಯುತ್ ಪಾರ್ಕ್ ಎದ್ದು ನಿಂತಿದೆ. 2018ರಲ್ಲಿ ವಿದ್ಯುತ್ ಕೊಡತೊಡಗಿ, 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಮುಟ್ಟಿತು. ರೈತರು ನೆಲವನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ ಎಂಬ ಲೆಕ್ಕದಲ್ಲಿ ಅದು ಆರಂಭವಾಯಿತು. ಮುಗಿಲು ನೋಡಿ ಕುಳಿತಿದ್ದ ಸೀಮೆಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಬರುವ ದುಡ್ಡು ಎಂದರೆ ಅದೇ ಮೊದಲು.

ನಮ್ಮ ಮನೆಯ ಎಂಟು ಎಕರೆಗೆ ಆರಂಭದ ದರದಲ್ಲೇ ಲೆಕ್ಕ ಹಾಕಿ: ವರ್ಷಕ್ಕೆ 1,68,000. ತಿಂಗಳಿಗೆ ಹಂಚಿದರೆ 14,000. ಮಗ ಒಂದು ಡೀಸೆಲ್ ಕಾರು ತೆಗೆದುಕೊಂಡ. ಬೆಲೆ ಒಂಬತ್ತೂವರೆ ಲಕ್ಷ. ಕೈಯಿಂದ ಒಂದಿಷ್ಟು ಕಟ್ಟಿ, ಉಳಿದದ್ದು ಸಾಲ. ತಿಂಗಳ ಕಂತು 14,000. ಕಡಲೆಕಾಯಿ ಬೆಳೆಯುತ್ತಿದ್ದ ನೆಲ ಈಗ ಕಾರಿನ ಕಂತು ಬೆಳೆಯುತ್ತಿದೆ ಎಂದರೆ ತಪ್ಪಲ್ಲ. ಹಳದಿ ಬೋರ್ಡು ಹಾಕಿಸಿ, ಪಾರ್ಕಿಗೆ ಬಂದು ಹೋಗುವ ಎಂಜಿನಿಯರುಗಳನ್ನು ತಾನೇ ಓಡಿಸಿ ಕರೆದೊಯ್ಯುವುದು ಅವನ ಕೆಲಸ. ಅಪ್ಪನಿಗೆ ಕಾರಿನ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ. 'ಕೆಟ್ಟರೆ ಯಾರಪ್ಪಾ ನೋಡ್ತಾರೆ?'

'ಮೂರು ವರ್ಷ ವಾರಂಟಿ ಐತೆ ಕಣಪ್ಪಾ, ಒಂದು ರೂಪಾಯಿ ಖರ್ಚಿಲ್ಲ.'

ನಾಲ್ಕನೆಯ ತಿಂಗಳಿಗೆ ಸದ್ದು ಶುರುವಾಯಿತು. ಬೆಳಗ್ಗೆ ಇಲ್ಲ. ಒಂದು ಗಂಟೆ ಬಿಸಿಲಿನಲ್ಲಿ ಓಡಿದ ಮೇಲೆ ಮುಂದುಗಡೆ ಎಡಭಾಗದಲ್ಲಿ ಗಡಗಡ ಎನ್ನುತ್ತದೆ. ಗೇರ್ ಬದಲಿಸಿದಾಗ ಜಾಸ್ತಿ. ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ ಸದ್ದೂ ಇಲ್ಲ, ಸುದ್ದಿಯೂ ಇಲ್ಲ.

ಷೋರೂಮು ಇರುವುದು ತುಮಕೂರಿನಲ್ಲಿ. ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ಹೋದರೆ ನೂರು ಕಿಲೋಮೀಟರಿನ ಆಸುಪಾಸು. ವಳ್ಳೂರಿನಿಂದ ಪಾವಗಡಕ್ಕೆ ಬರುವ ದಾರಿ ಬೇರೆ. ಬೆಳಗಿನ ಜಾವ ಹೊರಟು ಒಂಬತ್ತಕ್ಕೆ ತಲುಪಿದರೆ ಮುಂದೆ ಹದಿನೈದು ಗಾಡಿ. ಸರ್ವಿಸ್ ಅಡ್ವೈಸರ್ ಎಂಬ ಇಸ್ತ್ರಿ ಅಂಗಿಯ ಹುಡುಗ ಅವನ ಕಾರಿನ ಬಳಿ ಬರುವ ಹೊತ್ತಿಗೆ ಹನ್ನೊಂದೂವರೆ. ಕಾರು ಅಷ್ಟರಲ್ಲಿ ನೆರಳಿನಲ್ಲಿ ನಿಂತು ತಣ್ಣಗಾಗಿದೆ. ಒಂದು ಕಿಲೋಮೀಟರು ಸುತ್ತಿ ಬಂದ ಹುಡುಗ ಹೇಳಿದ: 'ಸಾರ್, ಸೌಂಡ್ ಏನೂ ಬರ್ತಿಲ್ವಲ್ಲ. ಬಿಟ್ಟು ಹೋಗಿ, ಚೆಕ್ ಮಾಡಿಸ್ತೀನಿ.' ಬಿಟ್ಟು ಹೋಗುವುದೆಂದರೆ ಬಸ್ಸಿನಲ್ಲಿ ವಾಪಸ್, ಮತ್ತೆ ಮರುದಿನ ಬಸ್ಸಿನಲ್ಲಿ ಬರುವುದು, ಎರಡು ದಿನದ ಬಾಡಿಗೆ ಹೋಗುವುದು.

ಮರುದಿನ ಕಾರು ಸಿಕ್ಕಿತು. ಚೆನ್ನಾಗಿ ತೊಳೆದಿದ್ದರು. ವಾರಂಟಿಯಲ್ಲಿ ಏನು ಸಿಗಲಿ ಬಿಡಲಿ, ತೊಳೆದ ಕಾರು ಮಾತ್ರ ಸಿಕ್ಕೇ ಸಿಗುತ್ತದೆ. ಮಧುಗಿರಿ ದಾಟುವಾಗ ಗಡಗಡ ಮತ್ತೆ ಶುರು.

ಹೀಗೆ ಮೂರು ಸಲ. ಒಮ್ಮೆಗೆ ಹೋಗಿ ಬರಲು ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಸಾವಿರ ರೂಪಾಯಿಯಷ್ಟು ಡೀಸೆಲ್. 'ಒಂದು ರೂಪಾಯಿ ಖರ್ಚಿಲ್ಲ' ಎಂಬ ವಾರಂಟಿ ಪೆಟ್ಟಿಗೆ ಹೋಟೆಲಿನ ಕಾಫಿ, ಬಸ್ ಚಾರ್ಜು, ಹೋದ ಬಾಡಿಗೆ ಎಲ್ಲ ಸೇರಿ ಹತ್ತು ಸಾವಿರ ನುಂಗಿತು. ಅಪ್ಪ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಮಗನಿಗೆ ಹೆಚ್ಚು ಚುಚ್ಚಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹುಡುಗ ಸುಳ್ಳು ಹೇಳಿದನೇ? ಇಲ್ಲ. ಅವನು ಓಡಿಸಿದಾಗ ಸದ್ದು ಬರಲಿಲ್ಲ, ನಿಜ. ಬಿಸಿಯಲ್ಲಿ ಲೋಹ ಹಿಗ್ಗುತ್ತದೆ, ರಬ್ಬರ್ ಮೆದುವಾಗುತ್ತದೆ, ಎಣ್ಣೆ ತೆಳುವಾಗುತ್ತದೆ. ಇದು ಹೈಸ್ಕೂಲಿನ ಪಾಠ. ರೈಲು ಹಳಿಗಳ ನಡುವೆ ಸಂದು ಬಿಡುವುದೇಕೆ ಎಂದು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದವರೆಲ್ಲ ಬಲ್ಲರು. ಎಂಜಿನ್ನನ್ನು ಹಿಡಿದಿರುವ ರಬ್ಬರ್ ಮೌಂಟಿನಲ್ಲಿ ಕೂದಲೆಳೆಯ ಬಿರುಕಿದ್ದರೆ ತಣ್ಣಗಿರುವಾಗ ಅದು ಬಿಗಿಯಾಗಿಯೇ ಇರುತ್ತದೆ. ಕಾದ ಮೇಲೆ ಸಡಿಲ. ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಜ್ವರ ಇಳಿದುಹೋದಂತೆ. ವೈದ್ಯರು ಆಗ ರೋಗಿಯ ಮಾತನ್ನು ನಂಬುತ್ತಾರೆ, ಜ್ವರ ಬಂದ ಹೊತ್ತು ಕೇಳುತ್ತಾರೆ. ವರ್ಕ್‌ಷಾಪಿನಲ್ಲಿ ಆ ಪದ್ಧತಿ ಇನ್ನೂ ಬಂದಿಲ್ಲ.

ಇನ್ನೊಂದು ಕಾರಣ ದುಡ್ಡಿನದು. ವಾರಂಟಿಯ ರಿಪೇರಿಗೆ ಗ್ರಾಹಕ ಹಣ ಕೊಡುವುದಿಲ್ಲ ಎಂದರೆ ಯಾರೂ ಕೊಡುವುದಿಲ್ಲ ಎಂದಲ್ಲ. ಡೀಲರು ಕೆಲಸ ಮಾಡಿ, ಹಳೆಯ ಭಾಗವನ್ನು ಜೋಪಾನ ಮಾಡಿ, ಕಾರು ಕಂಪನಿಗೆ ಕ್ಲೇಮು ಕಳಿಸಬೇಕು. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಕೂಲಿ ಎಂದು ಕಂಪನಿ ಮೊದಲೇ ಕಟ್ಟಿಟ್ಟಿರುತ್ತದೆ. ಸದ್ದನ್ನು ಹುಡುಕುತ್ತಾ ಮೆಕ್ಯಾನಿಕ್ ಕಳೆದ ಅರ್ಧ ದಿನ ಆ ಪಟ್ಟಿಗೆ ಸುಲಭವಾಗಿ ಹೊಂದುವುದಿಲ್ಲ. ಕ್ಲೇಮು ತಿರಸ್ಕೃತವಾದರೆ ನಷ್ಟ ಡೀಲರಿನದು. ಹಾಗಾಗಿ ಬಿಲ್ಲು ಕಟ್ಟುವ ಗಿರಾಕಿಗೆ ಸಿಗುವ ಉತ್ಸಾಹ ವಾರಂಟಿಯ ಗಿರಾಕಿಗೆ ಸಿಗದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಕ್ಷಮಿಸಬೇಕೆಂದು ಹೇಳುತ್ತಿಲ್ಲ, ಅರ್ಥ ಮಾಡಿಕೊಳ್ಳಿ ಅಷ್ಟೆ.

ಇಷ್ಟರ ನಡುವೆ ಕಾರಿನಲ್ಲಿ ಒಂದು ಹಳದಿ ದೀಪವೂ ಹತ್ತಿತು. ಇದರ ಕಥೆ ಬೇರೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ಮಾನದಂಡ ಬಂತು. ಡೀಸೆಲ್ ಕಾರುಗಳ ಹೊಗೆಯಲ್ಲಿನ ಮಸಿಯನ್ನು ಹಿಡಿಯಲು ಹೊಗೆಕೊಳವೆಯಲ್ಲಿ ಒಂದು ಜರಡಿ ಇಟ್ಟರು; ಡಿ.ಪಿ.ಎಫ್. ಎಂದು ಕರೆಯುತ್ತಾರೆ. ಜರಡಿಯಲ್ಲಿ ಮಸಿ ತುಂಬಿದಾಗ ಅದನ್ನು ಅಲ್ಲಿಯೇ ಸುಟ್ಟುಬಿಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿದರೆ ಇದು ತಾನಾಗಿ ಆಗುತ್ತದೆ. ಸೌರ ಫಲಕಗಳ ಸಾಲುಗಳ ನಡುವೆ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಓಡಾಡುವ ಕಾರಿಗೆ ಆ ಭಾಗ್ಯ ಇಲ್ಲ. ಶುಚಿಯಾದ ವಿದ್ಯುತ್ ತಯಾರಿಸುವ ಜಾಗದಲ್ಲೇ ಡೀಸೆಲ್ ಕಾರಿಗೆ ಮಸಿ ಕಟ್ಟುತ್ತದೆ, ನೋಡಿ.

ಷೋರೂಮಿನವರು ಹೇಳಿದರು, 'ಇದು ಕಾರಿನ ದೋಷ ಅಲ್ಲ ಸಾರ್, ಯೂಸೇಜ್ ಪ್ರಾಬ್ಲಮ್. ವಾರಂಟಿಯಲ್ಲಿ ಬರಲ್ಲ.' ಈ ಮಾತಿನಲ್ಲಿ ಅರ್ಧ ನ್ಯಾಯವಿದೆ. ಇನ್ನರ್ಧ ನ್ಯಾಯ ಎಲ್ಲಿದೆ ಎಂದರೆ, ಮಾರುವ ದಿನ ಆ ಹುಡುಗ 'ಎಲ್ಲಿ ಓಡಿಸ್ತೀರಿ?' ಎಂದು ಕೇಳಲಿಲ್ಲ. ಕೇಳಿದ್ದರೆ ಪೆಟ್ರೋಲ್ ಕಾರು ತೋರಿಸಬೇಕಾಗಿತ್ತು. ಮಾಲೀಕರ ಕೈಪಿಡಿಯಲ್ಲಿ ಇದೆಲ್ಲ ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲ ಎನ್ನುವಂತಿಲ್ಲ. ಓದುವವರು ಯಾರು?

ದೀಪದ ವಿಷಯ ಮಗ ಒಪ್ಪಿಕೊಂಡ. ಹದಿನೈದು ದಿನಕ್ಕೊಮ್ಮೆ ಕಾರನ್ನು ಹೆದ್ದಾರಿಗೆ ತಂದು ಓಡಿಸುವ ಪದ್ಧತಿ ಹಾಕಿಕೊಂಡ. ಸದ್ದಿನ ವಿಷಯ ಬಿಡಲಿಲ್ಲ. ಪಾವಗಡದ ಒಬ್ಬ ಮೆಕ್ಯಾನಿಕ್ ಕಾರಿನಡಿ ಮಲಗಿ ಎರಡು ಬೋಲ್ಟು ಬಿಗಿ ಮಾಡಿದ. ಒಂದು ವಾರ ಸದ್ದಿಲ್ಲ, ಆಮೇಲೆ ಮತ್ತೆ ಬಂತು. ನಾಲ್ಕನೆಯ ಸಲ ತುಮಕೂರಿಗೆ ಹೋದಾಗ ಬೋಲ್ಟಿನ ತಲೆಯ ಮೇಲಿನ ಪಾನಾದ ಗುರುತು ನೋಡಿ ಹೇಳಿದರು: 'ಹೊರಗೆ ಕೈ ಹಾಕಿಸಿದ್ದೀರ. ವಾರಂಟಿ ಹೋಯ್ತು.'

ಈ ಮಾತನ್ನು ದೇಶದಲ್ಲಿ ಎಷ್ಟು ಜನ ಕೇಳಿ ತಲೆ ತಗ್ಗಿಸಿ ಬಂದಿರಬಹುದು! 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಬಿಡಿಭಾಗಗಳ ಮಾರಾಟ ಮತ್ತು ರಿಪೇರಿಯ ವಿಚಾರದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು, ರಿಪೇರಿಯ ತಾಂತ್ರಿಕ ಮಾಹಿತಿ, ದೋಷ ಪತ್ತೆಯ ಉಪಕರಣ ಇವನ್ನೆಲ್ಲ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಕಂಪನಿಗಳು ಬೇಲಿ ಹಾಕಿವೆ ಎಂಬುದು ಆರೋಪ. ದಂಡದ ಮೊತ್ತ ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. ಅದೇ ಆದೇಶದಲ್ಲಿದ್ದ ಇನ್ನೊಂದು ಮಾತು ಅಷ್ಟು ಜನರಿಗೆ ಮುಟ್ಟಲಿಲ್ಲ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎಂದು ಸಾರಾಸಗಟು ಷರತ್ತು ಹಾಕುವಂತಿಲ್ಲ. ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದಿತು ಆಯೋಗ. ಕಂಪನಿಗಳು ಮೇಲ್ಮನವಿ ಹೋದವು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಆದರೂ ಆ ವಾಕ್ಯದಲ್ಲಿನ ತರ್ಕ ಗಟ್ಟಿಯಾಗಿದೆ. ಎಡಗಡೆಯ ಬೋಲ್ಟು ಬಿಗಿ ಮಾಡಿಸಿದ್ದಕ್ಕೆ ಬಲಗಡೆಯ ಕಿಟಕಿಯ ಗ್ಯಾರಂಟಿ ಏಕೆ ಹೋಗಬೇಕು?

ಆದರೂ ಒಂದು ಎಚ್ಚರಿಕೆ. ವಾರಂಟಿ ಇರುವ ಕಾರನ್ನು ಹೊರಗೆ ಬಿಚ್ಚಿಸದಿರುವುದೇ ಜಾಣತನ. ತರ್ಕ ನಿಮ್ಮ ಕಡೆ ಇದ್ದರೂ ಜಗಳಕ್ಕೆ ಒಂದು ನೆಪ ಕಡಿಮೆಯಾಗುತ್ತದೆ.

ಇನ್ನು ನ್ಯಾಯಾಲಯ. ಹಳ್ಳಿಯ ಕಟ್ಟೆಯ ಮೇಲೆ ಯಾರಾದರೂ ಹೇಳಿಯೇ ಹೇಳುತ್ತಾರೆ, 'ಕೇಸು ಹಾಕು, ಹೊಸಾ ಕಾರೇ ಕೊಡಿಸ್ತಾರೆ' ಎಂದು. ಹಾಗೆ ಸುಲಭವಾಗಿ ಕೊಡಿಸುವುದಿಲ್ಲ. 2006ರಲ್ಲಿ ಮಾರುತಿ ಕಾರಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ವಾರಂಟಿಯಲ್ಲಿ ಕಂಪನಿ ಒಪ್ಪಿಕೊಂಡಿರುವುದು ಕೆಟ್ಟ ಭಾಗವನ್ನು ರಿಪೇರಿ ಮಾಡುವುದು ಅಥವಾ ಬದಲಿಸುವುದು. ಇಡೀ ಕಾರು ಬದಲಿಸಿ ಎಂದು ಆದೇಶಿಸುವುದು ಸರಿಯಲ್ಲ ಎಂದು. 2010ರಲ್ಲಿ ಫಿಯಟ್ ಕಾರಿನ ಪ್ರಕರಣ ಬಂದಾಗ ಅದೇ ನ್ಯಾಯಾಲಯ ಬೇರೊಂದು ದಾರಿ ತೋರಿತು. ಸ್ವತಂತ್ರ ತಾಂತ್ರಿಕ ತಜ್ಞರು ಕಾರನ್ನು ಪರೀಕ್ಷಿಸಲಿ, ತಯಾರಿಕೆಯಲ್ಲೇ ದೋಷವಿದೆ ಎಂದು ಅವರು ಹೇಳಿದರೆ ಗ್ರಾಹಕರಿಗೆ ಕಾರಿನ ಹಣವನ್ನು ಶೇಕಡ 12 ಬಡ್ಡಿ ಸಮೇತ ಹಿಂದಿರುಗಿಸಬೇಕು ಎಂದಿತು. ಎರಡನ್ನೂ ಜೊತೆಗಿಟ್ಟು ಓದಿದರೆ ಸಂಗತಿ ಸ್ಪಷ್ಟ. 'ಸದ್ದು ಬರುತ್ತದೆ ಸ್ವಾಮಿ' ಎಂದರೆ ಸಾಲದು, ಬರುತ್ತದೆ ಎಂದು ತೋರಿಸಬೇಕು.

ಡೀಲರು 'ಕಂಪನಿ ಒಪ್ಪಲಿಲ್ಲ' ಎನ್ನುವುದು, ಕಂಪನಿ 'ಡೀಲರನ್ನು ಕೇಳಿ' ಎನ್ನುವುದು ಇನ್ನೊಂದು ಆಟ. ಇಬ್ಬರೂ ಬೇರೆ ಬೇರೆ ವ್ಯಾಪಾರಿಗಳು ಎಂಬುದು ಕಾನೂನಿನ ದೃಷ್ಟಿ. 2009ರಲ್ಲಿ ತಯಾರಾಗಿದ್ದ, ಆಗಲೇ ಓಡಿದ್ದ ಕಾರನ್ನು 2011ರಲ್ಲಿ ಹೊಸದೆಂದು ಕೊಟ್ಟ ಗೋವಾದ ಪ್ರಕರಣವೊಂದರಲ್ಲಿ, ಡೀಲರಿನ ತಪ್ಪು ಕಂಪನಿಗೆ ತಿಳಿದಿತ್ತೆಂದು ತೋರಿಸದೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ದೂರು ಬರೆಯುವವರು ಯಾರ ತಪ್ಪು ಯಾವುದು ಎಂದು ಬೇರ್ಪಡಿಸಿ ಬರೆಯಬೇಕು. ತಯಾರಿಕೆಯ ದೋಷ ಕಂಪನಿಯದು, ಮೂರು ಸಲ ಅಲೆಸಿದ್ದು ಡೀಲರಿನದು.

ವಳ್ಳೂರಿನಂಥ ಗಡಿಯ ಊರಿಗೆ ನಿಜವಾಗಿ ಉಪಕಾರವಾದದ್ದು 2019ರ ಗ್ರಾಹಕ ರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿಗೆ ಬಂದದ್ದು. 1986ರ ಹಳೆಯ ಕಾಯ್ದೆಯಲ್ಲಿ ಮಾರಿದವನ ಊರಿಗೋ, ವ್ಯವಹಾರ ನಡೆದ ಊರಿಗೋ ಹೋಗಿ ದೂರು ಕೊಡಬೇಕಿತ್ತು. ಪಾವಗಡದ ಮೂರು ದಿಕ್ಕಿಗೂ ಆಂಧ್ರ. ಹತ್ತಿರ ಎಂದು ಹಿಂದೂಪುರದಲ್ಲಿ ಗಾಡಿ ಕೊಂಡವರು ಅಲ್ಲಿಯ ಜಿಲ್ಲಾ ವೇದಿಕೆಯ ಬಾಗಿಲಿಗೇ ಹೋಗಬೇಕಿತ್ತು. ಈಗ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಿಂದೂಪುರದಲ್ಲಿ ಕೊಂಡರೂ ಬೆಂಗಳೂರಿನಲ್ಲಿ ಕೊಂಡರೂ ತುಮಕೂರಿನ ಜಿಲ್ಲಾ ಆಯೋಗ ಸಾಕು. ಒಂಬತ್ತೂವರೆ ಲಕ್ಷದ ಕಾರಿಗೆ ಶುಲ್ಕ 200 ರೂಪಾಯಿ. ತೊಂದರೆ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ದೋಷ ಹೊರನೋಟಕ್ಕೆ ತಿಳಿಯದಿದ್ದರೆ ಆಯೋಗ ಪರೀಕ್ಷೆಗೆ ಕಳಿಸಬಹುದು. ಅದರ ಖರ್ಚನ್ನು ಮೊದಲು ದೂರುದಾರನೇ ಕಟ್ಟಬೇಕಾಗಬಹುದು. ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳಲ್ಲಿ ಮುಗಿಸಬೇಕೆಂಬ ಗಡುವು ಕಾಯ್ದೆಯಲ್ಲಿದೆ. ಗಡುವುಗಳ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಆಯೋಗಕ್ಕೆ ಹೋಗುವ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿದರೆ ಕೆಲವು ಜಗಳ ಅಲ್ಲಿಯೇ ಇತ್ಯರ್ಥವಾಗುವುದುಂಟು.

ಹಳದಿ ಬೋರ್ಡಿನ ಕಾರಿಗೆ ಒಂದು ತೊಡಕಿದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನೇ ಅಲ್ಲ ಎನ್ನುತ್ತದೆ ಕಾಯ್ದೆ. ಎದುರು ವಕೀಲರು ಮೊದಲು ಎತ್ತುವ ತಕರಾರು ಇದೇ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡದ್ದಾದರೆ ಅದು ವ್ಯಾಪಾರದ ಉದ್ದೇಶವಲ್ಲ ಎಂದೂ ಅದೇ ಕಾಯ್ದೆ ವಿವರಿಸುತ್ತದೆ. ತಾನೇ ಓಡಿಸಿ ಬದುಕಲು ಆಟೊ ಕೊಂಡವನು ಗ್ರಾಹಕ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಉದಾಹರಣೆ ಕೊಟ್ಟು ಹೇಳಿದೆ. ನಮ್ಮ ಹುಡುಗ ತಾನೇ ಓಡಿಸುತ್ತಾನೆ, ಬಚಾವು. ನಾಳೆ ಇನ್ನೊಂದು ಕಾರು ಕೊಂಡು ಡ್ರೈವರ್ ಇಟ್ಟರೆ ಆ ಎರಡನೆಯ ಕಾರಿನ ಮಾತು ಕಷ್ಟವಾಗಬಹುದು. ಈ ಭಯಕ್ಕೆ ಬಿಳಿ ಬೋರ್ಡಿನಲ್ಲೇ ಬಾಡಿಗೆ ಹೊಡೆಯುವವರಿದ್ದಾರೆ. ಅವರಿಗೆ ವಾರಂಟಿಯೂ ಹೋಗಬಹುದು, ವಿಮೆಯೂ ಹೋಗಬಹುದು.

ಇಷ್ಟೆಲ್ಲ ಕಾನೂನು ಇದ್ದರೂ, ಆ ಮನೆಯ ಮುಂಗಟ್ಟಿನ ಮೇಲೆ ಕುಳಿತು ಅಪ್ಪ-ಮಗ ಕಡತ ಬಿಚ್ಚಿ ನೋಡಿದಾಗ ಕಂಡದ್ದೇನು? ಮೂರು ಜಾಬ್ ಕಾರ್ಡು. ಗಾಡಿ ಒಳಗೆ ಬಿಟ್ಟಾಗ ಅಡ್ವೈಸರ್ ಬರೆದುಕೊಡುವ ಕಾಗದ ಅದು. ಗಾಡಿಯ ನಂಬರು, ಓಡಿದ ಕಿಲೋಮೀಟರು, ಗ್ರಾಹಕ ಹೇಳಿದ ತೊಂದರೆ, ಮಾಡಿದ ಕೆಲಸ. ಮೊದಲನೆಯದರಲ್ಲಿ 'ಜನರಲ್ ಚೆಕಪ್, ವಾಷಿಂಗ್'. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ 'ನಾಯ್ಸ್ ಚೆಕ್, ಓಕೆ'. ಕೆಳಗೆ ಮೂರರಲ್ಲೂ ಮಗನ ಸಹಿ, 'ಕೆಲಸ ತೃಪ್ತಿಕರವಾಗಿದೆ' ಎಂಬ ಅಚ್ಚಿನ ಸಾಲಿನ ಅಡಿಯಲ್ಲಿ. ಮುನ್ನೂರು ಮೈಲಿಗೂ ಹೆಚ್ಚು ಅಲೆದ ಮೂರು ಯಾತ್ರೆ ಕಾಗದದ ಮೇಲೆ ಮೂರು ಸಲ ಕಾರು ತೊಳೆಸಿಕೊಂಡು ಬಂದಂತೆ ಕಾಣುತ್ತಿತ್ತು. ಆಯೋಗದ ಮುಂದೆ ಮಾತಾಡುವುದು ಆ ಕಾಗದ. ಗಡಗಡ ಸದ್ದು ಅದರಲ್ಲಿ ಎಲ್ಲಿಯೂ ಇಲ್ಲ.

ಅಪ್ಪ ಏಳನೆಯ ಕ್ಲಾಸು ಓದಿದವರು. 'ಹಾಲಿನ ಡೈರಿಯಲ್ಲಿ ಲೀಟರು ತಪ್ಪು ಬರೆದರೆ ಅಲ್ಲೇ ಕೇಳ್ತೀವಿ. ಇದನ್ನ ಯಾಕೆ ನೋಡ್ಲಿಲ್ಲ?' ಎಂದರು. ಮಗನ ಹತ್ತಿರ ಉತ್ತರ ಇರಲಿಲ್ಲ.

ವಿಜ್ಞಾನದ ಪ್ರಾಕ್ಟಿಕಲ್ ತರಗತಿಯಲ್ಲಿ ಮಕ್ಕಳಿಗೆ ಒಂದು ರೆಕಾರ್ಡ್ ಪುಸ್ತಕ ಇರುತ್ತದೆ. ದಿನಾಂಕ, ತಾಪ, ಕಂಡದ್ದು. ಮಗ ನೂರು ಪುಟದ ನೋಟುಪುಸ್ತಕ ತಂದು ಅದನ್ನೇ ಶುರು ಮಾಡಿದ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಕಿಲೋಮೀಟರ್ ಓಡಿದ ಮೇಲೆ, ಎ.ಸಿ. ಹಾಕಿತ್ತೋ ಇಲ್ಲವೋ, ಯಾವ ಗೇರಿನಲ್ಲಿ. ಪಕ್ಕದಲ್ಲಿ ಕುಳಿತ ಗೆಳೆಯ ಫೋನಿನಲ್ಲಿ ಸದ್ದನ್ನು ಹಿಡಿದ, ಕಿಲೋಮೀಟರ್ ಮುಳ್ಳೂ ಕಾಣುವ ಹಾಗೆ. ಎರಡು ವಾರಕ್ಕೆ ಹನ್ನೊಂದು ದಾಖಲೆ. ನೋಡಿದರೆ ಹನ್ನೊಂದರಲ್ಲಿ ಒಂಬತ್ತು ಸಲ ಎ.ಸಿ. ಚಾಲೂ ಇತ್ತು, ಎಲ್ಲವೂ ಮೂವತ್ತು ಕಿಲೋಮೀಟರ್ ದಾಟಿದ ಮೇಲೆ. ಮೊದಲು ಇದು ಅವನಿಗೂ ಗೊತ್ತಿರಲಿಲ್ಲ.

ಐದನೆಯ ಸಲ ಹೊರಡುವ ಮುನ್ನ ಷೋರೂಮಿಗೂ ಕಂಪನಿಗೂ ಇ-ಮೇಲ್ ಹೋಯಿತು. ಅಲ್ಲಿ ಹೋದಾಗ ಅಡ್ವೈಸರ್ ಮಾಮೂಲಿನಂತೆ 'ಜನರಲ್...' ಎಂದು ಟೈಪು ಮಾಡತೊಡಗಿದ.

'ಅಣ್ಣಾ, ಅದು ಬೇಡ. ನಾನು ಹೇಳಿದ ಹಾಗೆ ಬರೀರಿ.'

'ಇಷ್ಟುದ್ದ ಬರೆಯೋಕೆ ಜಾಗ ಇರಲ್ಲ ಸಾರ್.'

'ಹಿಂದುಗಡೆ ಬರೀರಿ. ಇಲ್ಲದಿದ್ದರೆ ನಾನು ಸಹಿ ಹಾಕಲ್ಲ.'

ಹುಡುಗ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರು ನೋಟುಪುಸ್ತಕ ತಿರುವಿ ನೋಡಿದರು, ಎರಡನೆಯ ಸಲ ಮತ್ತೆ ತಿರುವಿದರು. ಒಬ್ಬ ಹಿರಿಯ ಟೆಕ್ನಿಷಿಯನ್‌ನನ್ನು ಕರೆದು ಕಾರಿನಲ್ಲಿ ಕೂರಿಸಿದರು. 'ಸದ್ದು ಬರೋವರೆಗೂ ಹೋಗಿ ಬನ್ನಿ' ಎಂದರು.

ಊರಿನ ಹೊರಗೆ ಎರಡು ಸುತ್ತು ಹಾಕಿ ಕೊರಟಗೆರೆಯ ದಾರಿ ಹಿಡಿದರು, ಎ.ಸಿ. ಹಾಕಿಕೊಂಡು. ಇಪ್ಪತ್ತು ಕಿಲೋಮೀಟರಿಗೆ ಏನೂ ಇಲ್ಲ. ಟೆಕ್ನಿಷಿಯನ್ ಆಕಳಿಸಿದ. ಕೊರಟಗೆರೆ ಹತ್ತಿರ ಬರುವಾಗ ಒಂದು ಹಂಪಿಗೆ ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಿದ್ದೇ ತಡ, ಎಡಗಡೆ ಗಡಗಡ. ಆಕಳಿಕೆ ಅರ್ಧಕ್ಕೆ ನಿಂತಿತು. 'ಮೌಂಟಿಂಗ್ ಅನ್ಸುತ್ತೆ, ತಮ್ಮಾ. ಇನ್ನೊಂದ್ ಸಲ ಗೇರ್ ಹಾಕು' ಎಂದ.

ಜಾಬ್ ಕಾರ್ಡಿನ ಹಿಂಬದಿಯಲ್ಲಿ ಆತನೇ ಬರೆದ. 30 ಕಿ.ಮೀ. ಓಡಿ ಬಿಸಿಯಾದ ಮೇಲೆ, ಎ.ಸಿ. ಚಾಲೂ, ಗೇರ್ ಬದಲಿಸಿದಾಗ ಮುಂಭಾಗ ಎಡಗಡೆ ಸದ್ದು, ಕೇಳಿ ಖಾತ್ರಿಯಾಗಿದೆ. ಸಹಿ, ಸೀಲು. ಭಾಗ ಸ್ಟಾಕಿನಲ್ಲಿ ಇಲ್ಲ, ತರಿಸಬೇಕು, ಹತ್ತು ದಿನ ಆಗುತ್ತದೆ, ಫೋನು ಮಾಡುತ್ತೇವೆ ಎಂದರು ಮ್ಯಾನೇಜರು. ಅದನ್ನೂ ಕಾರ್ಡಿನಲ್ಲಿ ಬರೆದುಕೊಡಿ ಎಂದ ಮಗ.